ಗಾಯ ಕಾಣದಿದ್ದರೂ ಪರೀಕ್ಷೆ ಬೇಕು
(ತೂಬಗೆರೆ ಹೋಬಳಿಯ ಗ್ರಾಮಸ್ಥರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಘಾಟಿ ಸುಬ್ರಹ್ಮಣ್ಯ ಕ್ಷೇತ್ರವು ನಮ್ಮ ತೂಬಗೆರೆ ಹೋಬಳಿಯಲ್ಲಿಯೇ ಇರುವುದರಿಂದ ವರ್ಷವಿಡೀ ಯಾತ್ರಿಕರ ವಾಹನಗಳು ಇಲ್ಲಿನ ರಸ್ತೆಗಳಲ್ಲಿ ಓಡಾಡುತ್ತಿರುತ್ತವೆ. ರಥೋತ್ಸವದ ದಿನಗಳಲ್ಲಿ, ದನಗಳ ಜಾತ್ರೆಯ ಕಾಲದಲ್ಲಿ ಈ ಸಂಚಾರ ಇನ್ನೂ ಹೆಚ್ಚುತ್ತದೆ. ದೊಡ್ಡಬಳ್ಳಾಪುರದ ಕಾರ್ಖಾನೆಗಳಿಗೆ ಹೋಗುವವರು, ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆಗೆ ಕೆಲಸಕ್ಕೆ ತೆರಳುವವರು, ಹಾಲು ತರಕಾರಿಗಳನ್ನು ಸಾಗಿಸುವವರು, ಇವರೆಲ್ಲರ ಬದುಕೂ ರಸ್ತೆಯನ್ನೇ ನಂಬಿದೆ. ಆದುದರಿಂದ ವಾಹನ ಅಪಘಾತವಾದಾಗ ನಾವು ಮಾಡಬೇಕಾದುದೇನು ಎಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅತ್ಯಾವಶ್ಯಕ.

ಕಾರು ಡಿಕ್ಕಿಯಾದೊಡನೆ ರಕ್ತ ಸುರಿಯುತ್ತಿರುವವನನ್ನು ಯಾರಾದರೂ ಆಸ್ಪತ್ರೆಗೆ ಸೇರಿಸುತ್ತಾರೆ. ಅದೇ ಕಾರಿನಿಂದ ಇಳಿದು, ಬಟ್ಟೆಯ ಧೂಳು ಕೊಡವಿಕೊಂಡು, "ನನಗೇನೂ ಆಗಿಲ್ಲ, ದೇವರು ದೊಡ್ಡವನು" ಎಂದು ಮನೆಗೆ ನಡೆದುಬಿಡುವವನನ್ನು ಯಾರೂ ತಡೆಯುವುದಿಲ್ಲ. ಇಂದು ನಾನು ನಿಮ್ಮ ಗಮನಕ್ಕೆ ತರಬಯಸುವುದು ಈ ಎರಡನೆಯವನ ವಿಷಯವನ್ನೇ. ಹೊರಗೆ ಗಾಯ ಕಾಣಲಿಲ್ಲವೆಂದರೆ ಒಳಗೆ ಗಾಯವಿಲ್ಲವೆಂದು ಅರ್ಥವಲ್ಲ.

ಇದಕ್ಕೆ ಕಾರಣವೇನು? ಒಂದು ಅಪಘಾತದಲ್ಲಿ ವಾಸ್ತವವಾಗಿ ಮೂರು ಡಿಕ್ಕಿಗಳು ಸಂಭವಿಸುತ್ತವೆ. ಮೊದಲನೆಯದು, ವಾಹನವು ಮರಕ್ಕೋ ಮತ್ತೊಂದು ವಾಹನಕ್ಕೋ ಬಡಿಯುವುದು. ಎರಡನೆಯದು, ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತಿದ್ದ ನಮ್ಮ ದೇಹವು ಸ್ಟಿಯರಿಂಗ್ ಚಕ್ರಕ್ಕೋ ಮುಂದಿನ ಸೀಟಿಗೋ ಸೀಟು ಬೆಲ್ಟಿಗೋ ಬಡಿಯುವುದು. ಮೂರನೆಯದು, ದೇಹ ನಿಂತರೂ ನಿಲ್ಲದೆ ಮುಂದೆ ಸರಿದ ಒಳ ಅವಯವಗಳು ದೇಹದ ಗೋಡೆಗೆ ಬಡಿಯುವುದು. ಮಿದುಳು ತಲೆಬುರುಡೆಗೆ ತಾಗುತ್ತದೆ. ಯಕೃತ್ತು, ಗುಲ್ಮ, ಕರುಳುಗಳು ಜಗ್ಗಲ್ಪಡುತ್ತವೆ. ಈ ಮೂರನೆಯ ಡಿಕ್ಕಿಯು ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಪೆಟ್ಟು ತಿಂದವನಿಗೂ ಅದು ಒಡನೆಯೇ ತಿಳಿಯದಿರಬಹುದು. ಭಯವಾದಾಗ ದೇಹವು ಅಡ್ರಿನಲಿನ್ ಮುಂತಾದ ರಸಗಳನ್ನು ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ನೋವು ಅಡಗುತ್ತದೆ. ಹೊಲದಲ್ಲಿ ಹಾವು ಕಂಡು ಓಡಿದವನಿಗೆ ಕಾಲಿಗೆ ಚುಚ್ಚಿದ ಮುಳ್ಳು ಮನೆಗೆ ಬಂದ ಮೇಲೆಯೇ ಅರಿವಾಗುವುದಿಲ್ಲವೇ? ಹಾಗೆಯೇ ಇದು.

ತಲೆಗೆ ಪೆಟ್ಟು ಬಿದ್ದ ಕೆಲವರು ಕ್ಷಣಕಾಲ ಎಚ್ಚರ ತಪ್ಪಿ, ಮತ್ತೆ ಎದ್ದು ಸರಿಯಾಗಿಯೇ ಮಾತನಾಡುತ್ತಾರೆ. ಆ ವೇಳೆಯಲ್ಲಿ ತಲೆಬುರುಡೆಯ ಒಳಗೆ ರಕ್ತ ಶೇಖರವಾಗುತ್ತಿದ್ದರೆ, ಕೆಲವು ಗಂಟೆಗಳಲ್ಲಿ ಅದು ಮಿದುಳನ್ನು ಒತ್ತಿ ಪ್ರಾಣಾಪಾಯವನ್ನು ತರುತ್ತದೆ. ಗುಲ್ಮಕ್ಕೆ ಏಟಾದಾಗ ರಕ್ತಸ್ರಾವವು ನಿಧಾನವಾಗಿ, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಪ್ರಕಟವಾಗುವುದುಂಟು. ಸೀಟು ಬೆಲ್ಟು ಪ್ರಾಣರಕ್ಷಕವಾದುದು, ಅದನ್ನು ಧರಿಸಲೇಬೇಕು. ಆದರೆ ಹೊಟ್ಟೆಯ ಮೇಲೆ ಬೆಲ್ಟಿನ ಗುರುತು ಕಂದಿದಂತೆ ಮೂಡಿದ್ದರೆ ಕರುಳಿಗೆ ಏಟಾಗಿರಬಹುದೆಂದು ಶಂಕಿಸಿ ವೈದ್ಯರಿಗೆ ತೋರಿಸಬೇಕು. ಕತ್ತಿನ ನೋವಂತೂ ಮರುದಿನವೇ ತಲೆದೋರುವುದು ಸಾಮಾನ್ಯ.

ಕುಟುಂಬದಲ್ಲಿ ಮೂವರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಮೊದಲನೆಯವರು ಗರ್ಭಿಣಿಯರು. ತಾಯಿಗೆ ಒಂದು ತರಚು ಗಾಯವೂ ಆಗದಿದ್ದರೂ ಮಾಸು ಗರ್ಭಕೋಶದಿಂದ ಬೇರ್ಪಟ್ಟು ಮಗುವಿಗೆ ಅಪಾಯವಾಗಬಹುದು. ಆದುದರಿಂದ ಸಣ್ಣ ಡಿಕ್ಕಿಯಾದರೂ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದು, ಕೆಲವು ಗಂಟೆಗಳ ಕಾಲ ವೈದ್ಯರ ನಿಗಾದಲ್ಲಿರಿಸಬೇಕು. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ ಸಂಗತಿಯನ್ನು ತಪ್ಪದೆ ತಿಳಿಸಿರಿ. ಎರಡನೆಯವರು ಮಕ್ಕಳು. ಮಕ್ಕಳ ಪಕ್ಕೆಲುಬು ಮೃದುವಾದುದರಿಂದ ಮೂಳೆ ಮುರಿಯದೆಯೇ ಒಳಗಿನ ಶ್ವಾಸಕೋಶ ಜಜ್ಜಿಹೋಗಿರಬಹುದು. ಎಳೆಯ ಮಗುವು ತನ್ನ ನೋವನ್ನು ಹೇಳಲಾರದು. ಮೂರನೆಯವರು ವೃದ್ಧರು, ಅದರಲ್ಲಿಯೂ ಹೃದಯದ ಕಾಯಿಲೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು. ಇವರ ತಲೆಗೆ ತಗುಲಿದ ಸಣ್ಣ ಪೆಟ್ಟೂ ದೊಡ್ಡ ರಕ್ತಸ್ರಾವಕ್ಕೆ ದಾರಿಯಾಗಬಲ್ಲದು.

ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೂ ಎರಡು ದಿನ ಮನೆಯವರು ಕಣ್ಣಿಟ್ಟಿರಬೇಕು. ಹೆಚ್ಚುತ್ತಲೇ ಇರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳಲಾರದ ನಿದ್ರೆ, ತಡವರಿಸುವ ಮಾತು, ಫಿಟ್ಸು, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು, ಕೈಕಾಲುಗಳಲ್ಲಿ ಜೋಮು, ಉಸಿರಾಟಕ್ಕೆ ಕಷ್ಟ, ಹೊಟ್ಟೆನೋವು ಅಥವಾ ಹೊಟ್ಟೆಯುಬ್ಬರ, ತಲೆಸುತ್ತಿ ಬೀಳುವಂತಾಗುವುದು, ಮೂತ್ರದಲ್ಲಿ ರಕ್ತ, ಗರ್ಭಿಣಿಗೆ ರಕ್ತಸ್ರಾವ ಅಥವಾ ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ.

ಅಪಘಾತದ ಸ್ಥಳದಲ್ಲಿ ನೀವು ಇದ್ದರೆ 108 ಅಥವಾ 112ಕ್ಕೆ ಕರೆಮಾಡಿ ಸ್ಥಳದ ಗುರುತನ್ನು ಸ್ಪಷ್ಟವಾಗಿ ಹೇಳಿರಿ. ರಾಜ್ಯದಲ್ಲಿ 108 ಆರೋಗ್ಯ ಕವಚ ಸೇವೆಯು 2008ರಿಂದ ನಡೆದುಬಂದಿದೆ. ರಕ್ತ ಸುರಿಯುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿಹಿಡಿಯಿರಿ. ಬೆಂಕಿಯಂತಹ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ. ಕತ್ತು ಅಲುಗದಂತೆ ನೋಡಿಕೊಳ್ಳಿರಿ. ಎಚ್ಚರಿಸಲೆಂದು ಬಾಯಿಗೆ ನೀರು, ಸೋಡಾ, ಕಾಫಿ ಹಾಕುವುದು ತಪ್ಪು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಶಸ್ತ್ರಚಿಕಿತ್ಸೆ ಬೇಕಾದಾಗ ಅರಿವಳಿಕೆ ಕೊಡುವುದಕ್ಕೂ ತೊಡಕಾಗುತ್ತದೆ.

ಎಲ್ಲಿಗೆ ಹೋಗಬೇಕು? ನಡೆದಾಡುತ್ತಿರುವವನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮೈ ತೋರಿಸಲಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದೂ ಅಲ್ಲಿ ನಿರ್ಧಾರವಾಗುತ್ತದೆ. ಮೇಲೆ ಹೇಳಿದ ಅಪಾಯದ ಚಿಹ್ನೆಗಳಿದ್ದರೆ ದೊಡ್ಡಬಳ್ಳಾಪುರದ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ತಲೆ ಮತ್ತು ಬೆನ್ನುಹುರಿಯ ತೀವ್ರ ಗಾಯಗಳಿಗೆ ಬೆಂಗಳೂರಿನ ನಿಮ್ಹಾನ್ಸ್, ಮೂಳೆಯ ಗಾಯಗಳಿಗೆ ಸಂಜಯ್ ಗಾಂಧಿ ಆಸ್ಪತ್ರೆ ಇವೆ. ಆದರೆ ಹತ್ತಿರದ ಆಸ್ಪತ್ರೆಯಲ್ಲಿ ಉಸಿರಾಟ ಸರಿಪಡಿಸಿ, ರಕ್ತಸ್ರಾವ ತಡೆದು, ವೈದ್ಯರ ಸಲಹೆಯಂತೆ ಮುಂದೆ ಸಾಗುವುದೇ ಕ್ಷೇಮ.

ನಮ್ಮ ಸೀಮೆಯಲ್ಲಿ ಕೈಕಾಲು ಉಳುಕಿದರೆ ಪುತ್ತೂರು ಕಟ್ಟು ಹಾಕಿಸುವ ರೂಢಿಯಿದೆ. ಹಿರಿಯರ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಎಕ್ಸ್‌ರೇ ತೆಗೆಯುವ ಮೊದಲೇ ನೀವಿದರೆ ಮುರಿದ ಮೂಳೆಯ ತುದಿಯು ರಕ್ತನಾಳವನ್ನು ಸೀಳಬಹುದು; ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಮೊದಲು ವೈದ್ಯರ ಪರೀಕ್ಷೆಯಾಗಲಿ.

ಇನ್ನು ಜನರನ್ನು ಆಸ್ಪತ್ರೆಯಿಂದ ದೂರವಿಡುವ ಎರಡು ಭಯಗಳಿವೆ: ಪೊಲೀಸರ ಭಯ ಮತ್ತು ಹಣದ ಭಯ. 2016ರ ಫೆಬ್ರವರಿ 16ರಂದು ನಮ್ಮದೇ ಜಿಲ್ಲೆಯ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಹರೀಶ್ ಎಂಬ ಯುವಕರು ರಸ್ತೆಯ ಮೇಲೆ ನೆರವಿಗಾಗಿ ಮೊರೆಯಿಟ್ಟರು. ಆ ಸಂಕಟದಲ್ಲಿಯೂ ತಮ್ಮ ಅಂಗಾಂಗಗಳನ್ನು ದಾನಮಾಡುವಂತೆ ಕೋರಿದರು. ಅವರು ಉಳಿಯಲಿಲ್ಲ, ಅವರ ಕಣ್ಣುಗಳು ದಾನವಾದವು. ಮರುತಿಂಗಳೇ ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಉಚಿತಗೊಳಿಸಿತು. 2018ರಲ್ಲಿ ಆ ಯೋಜನೆಯು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಪೊಲೀಸರಿಗೆ ವಿಷಯ ತಿಳಿಸುವುದು ಈ ಸೌಲಭ್ಯಕ್ಕೆ ಅಡ್ಡಿಯಲ್ಲ, ಆಧಾರ.

ಗಾಯಾಳುವಿಗೆ ತುರ್ತು ಚಿಕಿತ್ಸೆ ನೀಡುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪಿತ್ತಿದೆ. ಪೊಲೀಸು ಕಾಗದ ಬರಲಿ ಎಂದು ಚಿಕಿತ್ಸೆ ಕಾಯಬೇಕಾಗಿಲ್ಲ. ಗಾಯಾಳುವಿಗೆ ನೆರವಾದವನನ್ನು ರಕ್ಷಿಸಲು ನಮ್ಮ ರಾಜ್ಯವು 2016ರಲ್ಲಿ ಶಾಸನವನ್ನೇ ರೂಪಿಸಿದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ ಇಂತಹ ರಕ್ಷಣೆ ಸೇರ್ಪಡೆಯಾಗಿದೆ. ಆಸ್ಪತ್ರೆಗೆ ಸೇರಿಸಿದವನು ಹೆಸರು ಹೇಳಲೇಬೇಕೆಂಬ, ಸಾಕ್ಷಿಯಾಗಲೇಬೇಕೆಂಬ ಬಲವಂತವಿಲ್ಲ.

ಅಂದೇ ಪರೀಕ್ಷೆ ಮಾಡಿಸುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ವೈದ್ಯರು ಬರೆದ ಗಾಯದ ದಾಖಲೆಯೇ ಮುಂದೆ ಪರಿಹಾರದ ಅರ್ಜಿಗೆ ಮುಖ್ಯ ಸಾಕ್ಷ್ಯ. ತಿಂಗಳು ಕಳೆದ ಮೇಲೆ ಹೋದರೆ ನೋವು ಅಪಘಾತದಿಂದಲೇ ಬಂದುದೆಂದು ತೋರಿಸುವುದು ಕಷ್ಟವಾಗುತ್ತದೆ. ಹೊರರೋಗಿ ಚೀಟಿ, ಎಕ್ಸ್‌ರೇ, ಔಷಧದ ರಸೀದಿಗಳನ್ನು ಜೋಪಾನವಾಗಿಡಿರಿ.

ಬಂಧುಗಳೇ, ಪರೀಕ್ಷೆಯಾಗಿ ಏನೂ ಇಲ್ಲವೆಂದು ತಿಳಿದರೆ ಅರ್ಧ ದಿನದ ಕೂಲಿ ಹೋದೀತು, ಅಷ್ಟೆ. ಪರೀಕ್ಷೆಯಿಲ್ಲದೆ ರಾತ್ರಿ ಮಲಗಿದವನು ಬೆಳಿಗ್ಗೆ ಏಳದೆ ಹೋದರೆ ಆ ಸಂಸಾರದ ಗತಿಯೇನು? "ಏನೂ ಆಗಿಲ್ಲ" ಎಂದು ನಿಶ್ಚಯವಾಗಿ ಹೇಳಬಲ್ಲವರು ವೈದ್ಯರು. ಈ ಮಾತನ್ನು ನಿಮ್ಮ ಮನೆಯವರಿಗೂ ನೆರೆಯವರಿಗೂ ತಿಳಿಸಬೇಕೆಂದು ಕೋರುತ್ತೇನೆ.