ಕೇಸು ಮೂರು, ಕೈದಿ ಒಬ್ಬ

ಜೈಲಲ್ಲಿರೋ ಒಬ್ಬ ಮನುಷ್ಯನ ಮೇಲೆ ಮೂರು ಕೇಸಿವೆ ಅಂದುಕೊಳ್ಳಿ. ಮೂರನ್ನೂ ಸೇರಿಸಿ ಒಂದೇ ವಿಚಾರಣೆ ನಡೆಸಬೇಕೋ, ಒಂದೊಂದನ್ನೂ ಬೇರೆ ಬೇರೆ ನಡೆಸಬೇಕೋ? ಇದು ವಕೀಲರ ತಲೆನೋವು ಅನ್ನಿಸಬಹುದು. ಆದರೆ ಆ ಮನುಷ್ಯ ಮನೆಗೆ ಯಾವಾಗ ಹೋಗ್ತಾನೆ ಅನ್ನೋದು ಎಷ್ಟೋ ಸಲ ಇದರ ಮೇಲೇ ನಿಂತಿರುತ್ತೆ.

ನಿಮಗೆ ಗೊತ್ತಿರೋ ಹೆಸರನ್ನೇ ತಗೊಳ್ಳೋಣ. ಲಾಲು ಪ್ರಸಾದ್ ಯಾದವ್, ಮೇವು ಹಗರಣ. 2013ರಲ್ಲಿ ಚಾಯಿಬಾಸಾ ಖಜಾನೆಯ ಒಂದು ಕೇಸಿನಲ್ಲಿ ಅವರಿಗೆ 5 ವರ್ಷ ಶಿಕ್ಷೆ ಆಯ್ತು. ಆಮೇಲೆ ಅವರ ವಾದ ಏನು? ಸಂಚು ಒಂದೇ, ಸಾಕ್ಷಿಗಳು ಬಹುತೇಕ ಅವರೇ, ಒಂದು ತಪ್ಪಿಗೆ ಎಷ್ಟು ಸಲ ಶಿಕ್ಷೆ ಕೊಡ್ತೀರಿ ಅಂತ. ಜಾರ್ಖಂಡ್ ಹೈಕೋರ್ಟ್ 2014ರಲ್ಲಿ ಇದನ್ನು ಬಹುಪಾಲು ಒಪ್ಪಿಕೊಳ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಖಜಾನೆ ಬೇರೆ, ಅವಧಿ ಬೇರೆ, ಮೊತ್ತ ಬೇರೆ, ಹಾಗಾಗಿ ಅಪರಾಧವೂ ಬೇರೆ ಅಂತ 2017ರ ಮೇ 8ರಂದು ಹೇಳಿತು. ಪ್ರತಿ ಕೇಸಿಗೂ ಪ್ರತ್ಯೇಕ ವಿಚಾರಣೆ, 9 ತಿಂಗಳಲ್ಲಿ ಮುಗಿಸಿ ಅಂತ ಆದೇಶ ಮಾಡಿತು.

ಪರಿಣಾಮ ನೋಡಿ. 2017ರ ಡಿಸೆಂಬರ್‌ನಲ್ಲಿ ಒಂದು ತೀರ್ಪು ಬಂದು ಲಾಲು ರಾಂಚಿ ಜೈಲು ಸೇರಿದರು. ಅವರು ಅಲ್ಲಿರುವಾಗಲೇ 2018ರ ಜನವರಿಯಲ್ಲಿ ಇನ್ನೊಂದು, ಮಾರ್ಚ್‌ನಲ್ಲಿ ಮತ್ತೊಂದು. ಜಾಮೀನೂ ಕಂತಿನಲ್ಲೇ ಸಿಕ್ಕಿತು: 2019, 2020, 2021. ಮೂರನೆಯದು ಸಿಕ್ಕ ಮೇಲೇ ಬಿಡುಗಡೆ. ಸರ್ಕಾರದ ದುಡ್ಡು ಬೇರೆ ಬೇರೆ ಖಜಾನೆಯಿಂದ ಹೋಗಿದ್ದಕ್ಕೆ ಬೇರೆ ಬೇರೆ ಲೆಕ್ಕ ಕೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಲಾಲುಗೆ ಸುಪ್ರೀಂ ಕೋರ್ಟ್‌ವರೆಗೂ ವಾದ ಮಾಡೋ ವಕೀಲರಿದ್ದರು. ಬೈಕ್ ಕದ್ದ ಆರೋಪದಲ್ಲಿ ಒಳಗಿರೋ ಹುಡುಗನಿಗೆ ಯಾರಿದ್ದಾರೆ? ಒಂದು ಕೇಸಿನಲ್ಲಿ ಜಾಮೀನು ಸಿಕ್ಕರೆ ಇನ್ನೊಂದು ಠಾಣೆಯಿಂದ ಬಾಡಿ ವಾರಂಟ್ ಬರುತ್ತೆ. ಇವತ್ತು ಈ ಕೋರ್ಟು, ನಾಳೆ ಆ ಕೋರ್ಟು. ಬೆಂಗಾವಲಿಗೆ ಪೊಲೀಸರಿಲ್ಲ ಅಂದರೆ ಮುಂದಿನ ದಿನಾಂಕ.

2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಓದಿ. ಜೀವಾವಧಿ, ಮರಣದಂಡನೆಯ ಕೇಸು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದ ವಿಚಾರಣಾಧೀನ ಕೈದಿಗೆ ಜಾಮೀನು ಕೊಡಬೇಕು. ಮೊದಲ ಸಲದ ಆರೋಪಿಗೆ ಮೂರನೇ ಒಂದು ಭಾಗ ಸಾಕು. ಒಳ್ಳೆಯ ಕಾನೂನು. ಆದರೆ ಕೆಳಗಿನ ಉಪವಿಧಿ ಏನು ಹೇಳುತ್ತೆ? ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಅನುಕೂಲ ಇಲ್ಲ! ನಮ್ಮ ಜೈಲುಗಳಲ್ಲಿ ನೂರಕ್ಕೆ ಸುಮಾರು 75 ಜನ ವಿಚಾರಣಾಧೀನರು. ಅವರಲ್ಲಿ ಎರಡನೇ ಕೇಸು ಬಿದ್ದವನಿಗೆ ಉಳಿಯೋ ದೊಡ್ಡ ಆಸೆ ಒಂದೇ, ವಿಚಾರಣೆ ಬೇಗ ಮುಗಿಯಬೇಕು.

ಅದಕ್ಕೆ ದಾರಿ ಅದೇ ಸಂಹಿತೆಯಲ್ಲಿದೆ. ಒಂದು ವರ್ಷದೊಳಗಿನ ಒಂದೇ ಬಗೆಯ ಅಪರಾಧಗಳನ್ನು ಮೊದಲು ಮೂರರವರೆಗೆ ಒಟ್ಟಿಗೆ ವಿಚಾರಿಸಬಹುದಿತ್ತು, ಈಗ ಐದರವರೆಗೆ. ಅಷ್ಟೇ ಅಲ್ಲ, ಆರೋಪಿಯೇ ಲಿಖಿತ ಅರ್ಜಿ ಕೊಟ್ಟು ಕೇಳಿಕೊಂಡರೆ, ಅವನಿಗೆ ತೊಂದರೆ ಆಗಲ್ಲ ಅಂತ ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ, ಆರೋಪಗಳನ್ನು ಒಟ್ಟಿಗೇ ವಿಚಾರಿಸಬಹುದು. ಬೇಕಾಗಿರೋದು ಒಂದು ಹಾಳೆ ಅರ್ಜಿ.

ಆ ಹಾಳೆ ಬರೆಯೋರು ಯಾರು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಜೈಲಿಗೆ ಹೋಗ್ತಾರೆ. ಹೋದಾಗ ಕೈದಿಯ ಹೆಸರಿನ ಮುಂದೆ ಎಷ್ಟು ಕೇಸು, ಯಾವ ಕೋರ್ಟು, ಯಾವುದನ್ನು ಸೇರಿಸಬಹುದು ಅಂತ ಒಂದು ಪಟ್ಟಿ ಮಾಡಲಿ. ನಿಮ್ಮ ಮನೆಯವರು, ಪರಿಚಯದವರು ಯಾರಾದರೂ ಒಳಗಿದ್ದರೆ ಇದನ್ನು ನೀವೇ ಕೇಳಿ. ವಕೀಲರ ಸೇವೆ ಉಚಿತ, ಕೇಳೋದು ನಿಮ್ಮ ಹಕ್ಕು.