ಎಮಿ ವರ್ನರ್ ಮತ್ತು 698 ಮಕ್ಕಳು



‘ಅಪ್ಪ ಕುಡುಕ. ಮಗ ಇನ್ನೇನಾದಾನು?’ ಈ ಮಾತು ನಾವು ದಿನಾ ಕೇಳ್ತೀವಿ. ಇದು ನಿಜವೇ? ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಇದನ್ನೇ ಹುಡುಕಿದರು. ಅವರ ವಿಷಯ ಇವತ್ತು ಹೇಳ್ತೀವಿ.

ಅವರ ಹೆಸರು ಎಮಿ ವರ್ನರ್. 1929ರಲ್ಲಿ ಜರ್ಮನಿ ದೇಶದಲ್ಲಿ ಹುಟ್ಟಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಅವರಿನ್ನೂ ಹುಡುಗಿ. ಮುಂದೆ ಅಮೆರಿಕಕ್ಕೆ ಹೋದರು. ಮನಃಶಾಸ್ತ್ರಜ್ಞೆ ಆದರು. ಅಂದರೆ ಮನುಷ್ಯರ ಮನಸ್ಸು, ನಡತೆ ಅಭ್ಯಾಸ ಮಾಡುವವರು. 2017ರಲ್ಲಿ ತೀರಿಕೊಂಡರು.

ದೊಡ್ಡ ಕಡಲಿನ ನಡುವೆ ಹವಾಯಿ ದ್ವೀಪಗಳಿವೆ. ಅವು ಅಮೆರಿಕಕ್ಕೆ ಸೇರಿವೆ. ಅದರಲ್ಲಿ ಕವಾಯಿ ಒಂದು ದ್ವೀಪ. ಆಗ ಅಲ್ಲಿ ಕಬ್ಬಿನ ತೋಟಗಳಿದ್ದವು. ಬಹಳ ಜನ ತೋಟದ ಕೂಲಿಗಳು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಒಂದು ತಂಡ ಲೆಕ್ಕಕ್ಕೆ ತೆಗೆದುಕೊಂಡಿತು. ಎಮಿ ಆ ಕೆಲಸದ ಮುಂದಾಳಾದರು. ರೂತ್ ಸ್ಮಿತ್ ಎಂಬುವರು ಅವರ ಜೊತೆಗಾತಿ. ಆ ಮಕ್ಕಳಿಗೆ 1 ವರ್ಷ ಆದಾಗ ವಿಚಾರಿಸಿದರು. 2, 10, 18 ವರ್ಷ ಆದಾಗಲೂ ವಿಚಾರಿಸಿದರು. 32, 40 ಆದಾಗಲೂ ಬಿಡಲಿಲ್ಲ!

ಇವರಲ್ಲಿ ಸುಮಾರು 200 ಮಕ್ಕಳ ಪಾಡು ಕಷ್ಟ. ಬಡತನ, ಜಗಳ, ಕುಡಿತ, ಹೆತ್ತವರಿಗೆ ಮನಸ್ಸಿನ ಕಾಯಿಲೆ. ಇಂಥ ಮೂವರಲ್ಲಿ ಇಬ್ಬರು ತೊಂದರೆಗೆ ಸಿಕ್ಕಿದರು. ಇದನ್ನು ಮುಚ್ಚಿಡೋದು ಬೇಡ. ಆದರೆ ಮೂರನೆಯವರು ಚೆನ್ನಾಗಿ ಬೆಳೆದರು. ಓದಿದರು, ದುಡಿದರು, ಸಂಸಾರ ನಡೆಸಿದರು.

ಕೆಟ್ಟವರು ಯಾಕೆ ಕೆಟ್ಟರು ಅಂತ ಎಲ್ಲರೂ ಕೇಳ್ತಾರೆ. ಈ ಮೂರನೆಯವರು ಯಾಕೆ ಕೆಡಲಿಲ್ಲ? ಎಮಿ ಕೇಳಿದ್ದು ಇದನ್ನು. ನಮಗೆ ಹಿಡಿಸಿದ್ದೂ ಇದೇ.

ಅವರಿಗೆ ಕಂಡಿದ್ದು ಏನು? ಆ ಮಕ್ಕಳಿಗೆ ‘ನನ್ನವರು’ ಅನ್ನುವ ಒಬ್ಬರು ಇದ್ದರು. ಅಪ್ಪ ಅಮ್ಮನೇ ಆಗಬೇಕಿರಲಿಲ್ಲ. ಕೆಲವರಿಗೆ ಅಜ್ಜಿ, ಕೆಲವರಿಗೆ ಚಿಕ್ಕಮ್ಮ. ಕೆಲವರಿಗೆ ಪಕ್ಕದ ಮನೆಯವರು, ಇಲ್ಲವೇ ಶಾಲೆಯ ಟೀಚರ್. ಆ ಮಕ್ಕಳು ಮನೆಯಲ್ಲಿ ಜವಾಬ್ದಾರಿಯ ಕೆಲಸವನ್ನೂ ಮಾಡ್ತಿದ್ದರು. ತಮ್ಮ ತಂಗಿಯರನ್ನು ನೋಡಿಕೊಳ್ತಿದ್ದರು. ಹಾಗಂತ ಮಗಳನ್ನು ಶಾಲೆ ಬಿಡಿಸಿ ತೊಟ್ಟಿಲು ತೂಗಲು ಕೂರಿಸಬೇಡಿ ಮತ್ತೆ!

ಇನ್ನು ಆ ಇಬ್ಬರು? ಅವರ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. 18ಕ್ಕೆ ದಾರಿ ತಪ್ಪಿದ ಎಷ್ಟೋ ಜನ 32ಕ್ಕೆ, 40ಕ್ಕೆ ನೆಟ್ಟಗೆ ಬದುಕುತ್ತಿದ್ದರು. ಚಿಕ್ಕ ವಯಸ್ಸಿಗೇ ತಾಯಿಯಾದ ಹುಡುಗಿಯರೂ ಅವರಲ್ಲಿದ್ದರು. ಅವರಲ್ಲಿ ಹಲವರು ಮಗು ಹುಟ್ಟಿದ ಮೇಲೆ ಮತ್ತೆ ಓದಲು ಹೋದರು. ಕೆಲಸ ಹಿಡಿದರು.