ಹೂ ಬಿಟ್ಟಾಗಲೇ ಮಾರಿಹೋಗುವ ಮಾವು

(ಮಹಿಳಾ ವಿಭಾಗದ ಸಂಕ್ರಾಂತಿ ಅರಿಶಿನ-ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)

ಎಳ್ಳು-ಬೆಲ್ಲ ಬಾಯಲ್ಲಿರುವಾಗ ಮಾವಿನಹಣ್ಣಿನ ಮಾತು ಯಾಕೆ ಎಂದು ಕಾರ್ಯದರ್ಶಿಯವರು ಕೇಳಿದರು. ಮಾವಿನ ವ್ಯಾಪಾರ ನಡೆಯುವುದು ಈಗಲೇ, ಅದಕ್ಕೆ. ನಾವು ಮೇ ತಿಂಗಳಲ್ಲಿ ಹಣ್ಣನ್ನು ಮೂಸಿ ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತೇವೆ. ಬೆಳೆದವಳ ಪಾಲಿಗೆ ಆ ವ್ಯಾಪಾರ ಜನವರಿಯಲ್ಲಿ, ಗಿಡ ಹೂ ಬಿಟ್ಟಾಗಲೇ ಮುಗಿದಿರುತ್ತದೆ.

ನನ್ನ ತವರು ಧಾರವಾಡದ ಪಡುವಣಕ್ಕೆ, ಹಳಿಯಾಳ ರಸ್ತೆಯ ಕಡೆಗೆ. ಎರಡು ಎಕರೆ ತೋಟ, 80 ಆಪೂಸು ಗಿಡ. ಅಣ್ಣ ತೀರಿಕೊಂಡ ಮೇಲೆ ನಮ್ಮ ವೈನಿಯೇ ತೋಟ ನೋಡಿಕೊಳ್ಳುತ್ತಾರೆ. ನಾನು ಇಲ್ಲಿ ನವಿ ಮುಂಬೈಯಲ್ಲಿ, ವಾಶಿಯ ಹಣ್ಣಿನ ಮಾರುಕಟ್ಟೆಗೆ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದ್ದೇನೆ. ಅಲ್ಲಿ ಡಜನ್ನಿನ ರೇಟು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. "ವೈನಿ, ಇಷ್ಟು ರೇಟು ಇದ್ದಾಗ ಗುತ್ತಿಗೆದಾರನಿಗೆ ಯಾಕೆ ಕೊಡ್ತೀರಿ?" ಎಂದು ಪ್ರತಿ ವರ್ಷ ಫೋನಿನಲ್ಲಿ ಉಪದೇಶ ಮಾಡುತ್ತಿದ್ದೆ. ಅವರು ಒಂದೇ ಮಾತು ಹೇಳಿದರು: "ಎಷ್ಟು ಬರ್ತದ ಅನ್ನೂದು ಆಮ್ಯಾಲೆ ಹೇಳವಾ, ಯಾವಾಗ ಬರ್ತದ ಅನ್ನೂದು ಮೊದಲು ಹೇಳು."

ಆ ಮಾತು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಹೂ ಬಂದಾಗ ಜಿಗಿಹುಳು ಬರುತ್ತದೆ, ಬೂದಿರೋಗ ಬರುತ್ತದೆ. ಔಷಧಿ ಆಗಲೇ ಹೊಡೆಯಬೇಕು, ದುಡ್ಡು ಆಗಲೇ ಬೇಕು. ಗುತ್ತಿಗೆದಾರ ತೋಟದಲ್ಲಿ ಒಂದು ಸುತ್ತು ಹಾಕಿ, ಹೂ ನೋಡಿ, ಇಡೀ ತೋಟಕ್ಕೆ ಒಂದು ಮೊತ್ತ ಹೇಳುತ್ತಾನೆ. ಒಂದು ಭಾಗ ಅಲ್ಲೇ ಕೈಗಿಡುತ್ತಾನೆ. ಆಮೇಲೆ ಔಷಧಿ ಅವನದು, ರಾತ್ರಿ ಕಾವಲು ಅವನದು, ಗಿಡ ಹತ್ತಿ ಕಾಯಿ ಇಳಿಸುವ ಆಳು ಅವನವರು. ಏಪ್ರಿಲ್‌ನ ಅಡ್ಡಮಳೆಯಲ್ಲಿ ಆಲಿಕಲ್ಲು ಬಿದ್ದು ಅರ್ಧ ಕಾಯಿ ಉದುರಿದರೆ ನಷ್ಟ ಬಹುಪಾಲು ಅವನ ತಲೆಗೇ. ಆಪೂಸು ಬೇರೆ ಒಂದು ವರ್ಷ ಮೈತುಂಬ ಕಾಯಿ ಬಿಟ್ಟರೆ ಮರುವರ್ಷ ಮುಖ ತಿರುಗಿಸುವ ಜಾತಿ. ಮಗಳ ಫೀಸು ಹಾಗೆ ಒಂದು ವರ್ಷ ಬಿಟ್ಟು ಒಂದು ವರ್ಷ ಬರುವುದಿಲ್ಲವಲ್ಲ! ಗುತ್ತಿಗೆದಾರ ಕೊಡುವುದು ಕಡಿಮೆ ಬೆಲೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ವೈನಿಯ ಲೆಕ್ಕದಲ್ಲಿ ಅವನು ಸಾಲ ಕೊಡುವವನು, ಕಾವಲುಗಾರ, ವಿಮೆ ಕಂಪನಿ, ಎಲ್ಲ ಒಬ್ಬನೇ.

ತಾವೇ ಮಾರಿ ನೋಡಿಲ್ಲವೆಂದಲ್ಲ. ಹುಬ್ಬಳ್ಳಿ-ಧಾರವಾಡದ ಪೇಟೆ ಹತ್ತಿರ. ಬೆಳಿಗ್ಗೆ ಒಯ್ದರೆ ಮಧ್ಯಾಹ್ನ ದುಡ್ಡು. ಆದರೆ ಸುತ್ತಲಿನ ಎಲ್ಲ ತೋಟದ ಕಾಯಿ ಒಂದೇ ಹದಿನೈದು ದಿನದಲ್ಲಿ ಅಲ್ಲಿಗೇ ಬಂದು ಬೀಳುವಾಗ ರೇಟು ಎಲ್ಲಿ ನಿಲ್ಲುತ್ತದೆ? ಅಣ್ಣ ಇದ್ದಾಗ ಒಮ್ಮೆ ದೂರದ ದೊಡ್ಡ ಮಾರುಕಟ್ಟೆಯೊಂದಕ್ಕೆ ಲಾರಿಯಲ್ಲಿ ಕಳಿಸಿದ್ದರು. ಹತ್ತು ದಿನದ ಮೇಲೆ ಪಟ್ಟಿ ಬಂತು. ಲಾರಿ ಬಾಡಿಗೆ, ಹಮಾಲಿ, ತೂಕ, ದಲಾಲಿ, ಕೊನೆಗೆ 'ಕೊಳೆತದ್ದು' ಎಂದು ಒಂದು ಸಾಲು. ಕೊಳೆತದ್ದು ನಿಜವೋ ಸುಳ್ಳೋ ನೋಡಲು ನಮ್ಮವರು ಯಾರೂ ಅಲ್ಲಿರಲಿಲ್ಲ. ಅಣ್ಣ ಆ ಪಟ್ಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಇಟ್ಟಿದ್ದ. ಈಗಲೂ ಅಲ್ಲೇ ಇದೆ.

ಹೆಸರಿನ ತೊಡಕು ಬೇರೆ. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್ ಜಿಲ್ಲೆಗಳ ಹಾಪೂಸಿಗೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅವರ ಶ್ರಮಕ್ಕೆ ಸಿಕ್ಕ ಗೌರವ, ನನಗೆ ತಕರಾರಿಲ್ಲ. ಆದರೆ ಕರ್ನಾಟಕದ ಹಣ್ಣು ಇಲ್ಲಿಗೆ ಬಂದು ಎಷ್ಟೋ ಸಲ ಕೊಂಕಣದ ಹೆಸರಿನ ಪೆಟ್ಟಿಗೆಯಲ್ಲಿ ಕೂತು ಮಾರಾಟವಾಗುತ್ತದೆ. ಹೆಸರು ಬದಲಾದಾಗ ಏರುವ ಬೆಲೆ ನಮ್ಮ ಊರಿನ ತನಕ ಇಳಿದು ಬರುವುದಿಲ್ಲ. ಇಲ್ಲಿ ಕೂತಿರುವ ನಮ್ಮಲ್ಲೇ ಎಷ್ಟು ಜನ 'ಕರ್ನಾಟಕ ಹಾಪೂಸ್' ಎಂದು ಮರಾಠಿಯಲ್ಲಿ ಮೂಗು ಮುರಿದಿದ್ದೇವೆ, ಹೇಳಿ ನೋಡೋಣ. ನಾನೂ ಮುರಿದಿದ್ದೇನೆ, ಪಕ್ಕದ ಮನೆಯವರ ಎದುರಿಗೆ.

ಕೋಲಾರದ ಕಡೆಯವರ ಕಷ್ಟ ಇನ್ನೊಂದು ಬಗೆ. ಶ್ರೀನಿವಾಸಪುರ ಸುತ್ತಮುತ್ತ ತೋತಾಪುರಿ ಬೆಳೆದವರಿಗೆ ಗಡಿಯಾಚೆ ಚಿತ್ತೂರಿನ ತಿರುಳಿನ ಕಾರ್ಖಾನೆಗಳೇ ದೊಡ್ಡ ಗಿರಾಕಿ. 2025ರ ಜೂನ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶ ಹೊರಡಿಸಿತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಕಾಯಿ ಮಾತ್ರ ಪತ್ರದ ಉತ್ತರಕ್ಕೆ ಕಾಯುತ್ತ ಗಿಡದಲ್ಲಿ ನಿಲ್ಲುವುದಿಲ್ಲ.

ಇನ್ನು ನಮ್ಮದೇ ಕಥೆ. ಕೆಲವರಿಗೆ ನೆನಪಿದೆ, ನಗುತ್ತಿದ್ದೀರಿ. ಮೂರು ವರ್ಷದ ಹಿಂದೆ ನನ್ನ ಮಾತು ಕೇಳಿ ವೈನಿ 15 ಗಿಡಗಳನ್ನು ಗುತ್ತಿಗೆಗೆ ಕೊಡದೆ ಉಳಿಸಿಕೊಂಡರು. ನಾನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಎರಡು ಡಜನ್ನಿನ 120 ಪೆಟ್ಟಿಗೆಗೆ ಆರ್ಡರ್ ಬಂತು, ಹೃದಯದ ಚಿತ್ರಗಳ ಸಮೇತ. ಮುಂಗಡ ಕೇಳಲು ಸಂಕೋಚ, ನಮ್ಮವರೇ ಅಲ್ಲವೇ! ಹಣ್ಣು ಬಂದದ್ದು ಮೇ ಮೂರನೆಯ ವಾರ. ಅಷ್ಟರಲ್ಲಿ ಶಾಲೆಗೆ ರಜೆ, ಅರ್ಧ ಜನ ಊರಿಗೆ. ತೆಗೆದುಕೊಂಡವರಲ್ಲಿ ಕೆಲವರು ಹಣ್ಣು ಕೊಯ್ದ ಫೋಟೋ ಕಳಿಸಿದರು. ಹೊರಗೆ ಬಂಗಾರದ ಬಣ್ಣ, ಒಳಗೆ ಓಟೆಯ ಸುತ್ತ ಬಿಳಿಚಿಕೊಂಡ ಹುಳಿ ತಿರುಳು. ಇದಕ್ಕೆ ಸ್ಪಂಜಿ ಟಿಶ್ಯೂ ಅನ್ನುತ್ತಾರೆ. ಆಪೂಸಿಗೆ ಅಂಟಿಕೊಂಡೇ ಬಂದ ದೋಷ. ಬಿಸಿಲಿನ ಝಳಕ್ಕೆ ಹೆಚ್ಚಾಗುತ್ತದೆ. ಕೊಯ್ಯುವ ತನಕ ಬೆಳೆದವರಿಗೂ ಗೊತ್ತಾಗುವುದಿಲ್ಲ. ಫೋಟೋ ಗುಂಪಿನಲ್ಲಿ ಓಡಾಡಿತು, 38 ಪೆಟ್ಟಿಗೆ ನಮ್ಮ ಹಾಲಿನಲ್ಲಿ ಉಳಿಯಿತು. ಒಂದು ವಾರ ಇಡೀ ಸೊಸೈಟಿಗೆ ಸೀಕರಣೆ ಹಂಚಿದೆವು.

ಆ 38 ಪೆಟ್ಟಿಗೆಯ ದುಡ್ಡನ್ನು ನಾನು ತುಂಬಿಕೊಟ್ಟೆ. ಅದು ದೊಡ್ಡ ಮಾತಲ್ಲ. ನಾನು ತುಂಬಲಾಗದ ನಷ್ಟ ಮರುವರ್ಷ ಬಂತು. ಪ್ರತಿ ಸಂಕ್ರಾಂತಿಗೆ ಬರುತ್ತಿದ್ದ ಗುತ್ತಿಗೆದಾರ ಫೆಬ್ರವರಿ ತನಕ ಸುಳಿಯಲಿಲ್ಲ. ವೈನಿ ಔಷಧಿ ಅಂಗಡಿಯಲ್ಲಿ ಉದ್ರಿ ಮಾಡಿದರು. ಕೊನೆಗೆ ಬಂದವನು, "ಮುಂಬೈ ಗಿರಾಕಿ ಇದ್ದಾರಲ್ರಿ ನಿಮಗ" ಎಂದು ಹೇಳಿ ಮೊತ್ತ ಇಳಿಸಿದ. ಹೊಸ ಪೇಟೆ ಹುಡುಕಲು ಹೋದವರಿಗೆ ಹಳೆಯ ಪೇಟೆ ವಿಧಿಸುವ ದಂಡ ಅದು. ಇದು ನನ್ನ ಉಪದೇಶದ ಲೆಕ್ಕದಲ್ಲಿ ಇರಲೇ ಇಲ್ಲ. ವೈನಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಈ ವರ್ಷ ಅವರೇ ಫೋನ್ ಮಾಡಿದರು. 65 ಗಿಡ ಗುತ್ತಿಗೆಗೆ ಹೋಗಿದೆ. ಉದುರಿದ ಕಾಯಿ, ಉಪ್ಪಿನಕಾಯಿಯ ಕಾಯಿ ಎಂದಿನಂತೆ ಬುಟ್ಟಿಯಲ್ಲಿಟ್ಟು ಧಾರವಾಡದ ಸಂತೆಗೆ. ಆ ಚಿಲ್ಲರೆ ಮಾತ್ರ ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲದ ಅವರದೇ ದುಡ್ಡು. ಆ 15 ಗಿಡ ನಮಗೆ. ಗುತ್ತಿಗೆದಾರನಿಗೆ ಮೊದಲೇ ಹೇಳಿ ಒಪ್ಪಿಸಿದ್ದಾರೆ. ಆದರೆ ಈ ಸಲ ಷರತ್ತು ಅವರದು. ಅರ್ಧ ದುಡ್ಡು ಈ ತಿಂಗಳೇ ಕೊಡಬೇಕು, ಗುತ್ತಿಗೆದಾರ ಕೊಡುವ ಹಾಗೆ. ಹಣ್ಣು ಬರುವ ದಿನವನ್ನು ಗಿಡ ಹೇಳುತ್ತದೆ, ನಾವಲ್ಲ. ಊರಿಗೆ ಹೋಗುವವರು ತೆಗೆದುಕೊಳ್ಳುವವರನ್ನು ಗೊತ್ತು ಮಾಡಿಟ್ಟು ಹೋಗಬೇಕು. ಆಮೇಲೆ ಅವರ ಮಾತಲ್ಲೇ ಹೇಳುತ್ತೇನೆ: "ಡಜನ್ನಿಗೆ 13 ಹಣ್ಣು ಹಾಕ್ತೀನಿ. ಒಂದು ಕೆಟ್ಟರ ಫೋಟೋ ಕಳಸಬ್ಯಾಡ್ರಿ."

120 ಅಲ್ಲ, ಈ ಸಲ 60 ಪೆಟ್ಟಿಗೆ ಮಾತ್ರ. ಕುಂಕುಮದ ಮೇಜಿನ ಪಕ್ಕದಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಹೆಸರು ನನ್ನದೇ, ದುಡ್ಡು ಕಟ್ಟಿದ್ದೇನೆ. ಎರಡನೆಯದು, ಅಂದು ಫೋಟೋ ಕಳಿಸಿದವರದು.